ಹಳದಿ ಅಂಜನದ ಚರಿತ್ರೆ

ನೆಗಡಿಗೆ ಮದ್ದು ತಿಂದರೆ ಒಂದು ವಾರ, ತಿನ್ನದಿದ್ದರೆ ಏಳು ದಿನ ಎಂಬುದು ಹಳೆಯ ಮಾತು. ಅದು ಗೊತ್ತಿದ್ದೂ, ಮೂಗು ಕಟ್ಟಿದ ರಾತ್ರಿ ನನ್ನ ಕೈ ತಾನಾಗಿಯೇ ಅಮೃತಾಂಜನದ ಶೀಶೆಯನ್ನು ತಡಕುತ್ತದೆ.

ಈ ಪುಟ್ಟ ಶೀಶೆಯ ಚರಿತ್ರೆ ದೊಡ್ಡದು. 1893ರಲ್ಲಿ ಮುಂಬಯಿಯಲ್ಲಿ ಇದರ ವ್ಯಾಪಾರಕ್ಕೆ ಇಳಿದವರು ಕೃಷ್ಣಾ ಜಿಲ್ಲೆಯ ಕಾಶೀನಾಥುನಿ ನಾಗೇಶ್ವರರಾವ್. ಹೊಸ ಮದ್ದನ್ನು ಜನ ಸುಲಭವಾಗಿ ನಂಬುತ್ತಾರೆಯೇ? ಅವರು ಸಂಗೀತ ಕಚೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿದರು. ಪುಕ್ಕಟೆ ಹಚ್ಚಿಕೊಂಡವರು ಆಮೇಲೆ ಕೊಂಡೂ ಹಚ್ಚಿಕೊಂಡರು. ಲಾಭ ಬಂತು. ಆ ಹಣದ ಬಲದಿಂದ 1908ರಲ್ಲಿ ಮುಂಬಯಿಯಲ್ಲೇ ‘ಆಂಧ್ರಪತ್ರಿಕ’ ಎಂಬ ತೆಲುಗು ವಾರಪತ್ರಿಕೆ ಹೊರಟಿತು; 1914ರಲ್ಲಿ ಮದರಾಸಿನಿಂದ ದಿನಪತ್ರಿಕೆಯಾಯಿತು. ರಾಯರು ಉಪ್ಪಿನ ಸತ್ಯಾಗ್ರಹಕ್ಕಿಳಿದು ಸೆರೆಮನೆಯನ್ನೂ ಕಂಡರು. ಜನರ ತಲೆನೋವು ಇಳಿಸಿದ ದುಡ್ಡು ಸರ್ಕಾರಕ್ಕೆ ತಲೆನೋವಾಯಿತು!

ಇಷ್ಟಾಗಿಯೂ ಒಂದು ಗುಟ್ಟು ಹೇಳಬೇಕು. ಇಂಥ ಲೇಪಗಳಲ್ಲಿರುವ ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲ. ತಂಪನ್ನು ಅರಿಯುವ ನರಗಳನ್ನು ಕೆಣಕಿ, ಗಾಳಿ ಸರಾಗವಾಗಿ ಆಡುತ್ತಿದೆಯೆಂದು ಮಿದುಳನ್ನು ನಂಬಿಸುತ್ತದೆ, ಅಷ್ಟೆ. ಮೈಕೈ ನೋವೂ ಹಾಗೆಯೇ: ಚರ್ಮದ ಮೇಲಿನ ಬಿಸಿ, ತಂಪುಗಳ ಗದ್ದಲದಲ್ಲಿ ಒಳಗಿನ ನೋವು ಸ್ವಲ್ಪ ಮರೆಯಾಗುತ್ತದೆ. ನಿದ್ದೆ ಬರಲು ನನಗೆ ಅಷ್ಟು ಸಾಕು.

ಆದರೆ ಕೂಸುಗಳ ವಿಷಯ ಬೇರೆ. ಕೂಸಿನ ಮೂಗು ಕಟ್ಟಿತೆಂದರೆ ಎದೆಗೆ, ಮೂಗಿನ ಬುಡಕ್ಕೆ ಲೇಪ ಸವರುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಎರಡು ವರ್ಷ ತುಂಬದ ಮಗುವಿಗೆ ಇದು ಸಲ್ಲದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಅಜ್ಜಿಯ ಪ್ರೀತಿ ನಿಜ. ಕರ್ಪೂರದ ವಿಷವೂ ನಿಜ. ಶೀಶೆಯನ್ನು ಮಕ್ಕಳ ಕೈಗೆಟುಕದ ಗೂಡಿನಲ್ಲಿಡಿ.