ಮನೆಯಲ್ಲಿ ಹಾವಿನ ಮೊಟ್ಟೆ: ಕಾವು, ಕಾನೂನು ಮತ್ತು ಎಚ್ಚರ

ಬೇಸಿಗೆಯ ಕೊನೆಯಲ್ಲಿ ಹಳೆಯ ಗೋಡೆ ಕೆಡವುವಾಗ, ಕಣಿಕೆ ಬಣವೆಯ ತಳ ಬಿಚ್ಚುವಾಗ ಅಥವಾ ಪಾಯ ತೋಡುವಾಗ ಒಂದಕ್ಕೊಂದು ಅಂಟಿಕೊಂಡ ಬಿಳಿಯ ಮೊಟ್ಟೆಗಳ ಗುಂಪು ಕಣ್ಣಿಗೆ ಬೀಳುವುದುಂಟು. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂತಹ ಗ್ರಾಮಗಳಿಗೆ ಇದು ಅಪರಿಚಿತ ದೃಶ್ಯವೇನಲ್ಲ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಎಂಬುದು ಕೆಲವು ಇತಿಹಾಸಕಾರರ ಅಭಿಪ್ರಾಯ. ಊರು ನವಿಲಿನ ಹೆಸರು ಹೊತ್ತಿದ್ದರೂ ಕಲ್ಲು–ಮಣ್ಣಿನ ಗೋಡೆಯ ಸಂದು, ಇಲಿಯ ಬಿಲ, ಮೇವಿನ ಬಣವೆ ಇರುವೆಡೆ ಹಾವು ನೆಲೆಸುವುದು ಸಹಜ.

ಮೊಟ್ಟೆ ಕಂಡಾಗ ಜನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ವರ್ತಿಸುತ್ತಾರೆ. ಹೆದರಿದವರು ಜಜ್ಜಿ ಹಾಕುತ್ತಾರೆ. ಕುತೂಹಲಿಗಳು ಡಬ್ಬಿಯಲ್ಲಿ ತುಂಬಿ ಮನೆಗೊಯ್ದು, ಬಲ್ಬಿನ ಶಾಖದಲ್ಲಿಟ್ಟು ಮರಿ ಮಾಡಿಸಲು ಹೊರಡುತ್ತಾರೆ. ಎರಡೂ ತಪ್ಪು. ಮೊದಲನೆಯದರಲ್ಲಿ ಒಂದು ಸಂತತಿಯೇ ನಾಶವಾಗುತ್ತದೆ. ಎರಡನೆಯದರಲ್ಲಿ ಮೊಟ್ಟೆಯ ಜತೆಗೆ ಮನೆಯವರ ಜೀವಕ್ಕೂ ಅಪಾಯವಿದೆ. ಕಾನೂನು ಎರಡನ್ನೂ ಒಪ್ಪುವುದಿಲ್ಲ.

ಮೊಟ್ಟೆ ಇಡುವವು, ಮರಿ ಹಾಕುವವು

ಎಲ್ಲ ಹಾವುಗಳೂ ಮೊಟ್ಟೆ ಇಡುವುದಿಲ್ಲ. ಕೊಳಕುಮಂಡಲ, ಉರಿಮಂಡಲ, ಮಣ್ಣುಮುಕ್ಕ ಮತ್ತು ಹಸಿರು ಹಾವು ನೇರವಾಗಿ ಮರಿ ಹಾಕುತ್ತವೆ. ನಾಗರಹಾವು, ಕಟ್ಟುಹಾವು, ಕೇರೆ, ನೀರುಹಾವು ಹಾಗೂ ಹೆಬ್ಬಾವು ಮೊಟ್ಟೆ ಇಡುವ ಗುಂಪಿಗೆ ಸೇರಿವೆ. ನಾಗರಹಾವು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜುಲೈ ನಡುವೆ 10ರಿಂದ 30 ಮೊಟ್ಟೆಗಳನ್ನಿಡುತ್ತದೆ. ಅವು 48ರಿಂದ 69 ದಿನಗಳಲ್ಲಿ ಒಡೆಯುತ್ತವೆ. ಕೇರೆ ಹಾವಿನ ಮೊಟ್ಟೆ ಮರಿಯಾಗಲು ಸುಮಾರು ಎರಡು ತಿಂಗಳು ಬೇಕು.

ಹಾವಿನ ಮೊಟ್ಟೆ ಉದ್ದನೆಯ ಆಕಾರದ್ದು. ಅದರ ಕವಚ ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ. ಮುಟ್ಟಿದರೆ ತೊಗಲಿನಂತೆ ಬಾಗುತ್ತದೆ. ಮನೆಯ ಗೋಡೆಯ ಬಿರುಕಿನಲ್ಲಿ ಸಿಗುವ, ಬಟಾಣಿ ಗಾತ್ರದ ಗಟ್ಟಿ ಮೊಟ್ಟೆಗಳು ಹಲ್ಲಿಯವು. ಆದರೆ ಉಡ ಮತ್ತು ಓತಿಕ್ಯಾತಗಳ ಮೊಟ್ಟೆಯ ಕವಚವೂ ಮೆತ್ತಗೇ ಇರುತ್ತದೆ. ನಾಗರಹಾವಿನ ಮೊಟ್ಟೆ ಯಾವುದು, ಕೇರೆಯದು ಯಾವುದು ಎಂದು ಕೇವಲ ನೋಟದಿಂದ ಹೇಳುವುದು ಅನುಭವಿಗಳಿಗೂ ಕಷ್ಟ. ಗುರುತು ತಿಳಿಯದ ಮೊಟ್ಟೆಯನ್ನು ಮನೆಯಲ್ಲಿಟ್ಟು ಮರಿ ಮಾಡಿಸುವುದು ಅಪಾಯಕಾರಿ ಎನ್ನಲು ಇದೊಂದೇ ಕಾರಣ ಸಾಕು.

ಕೋಳಿ ಕಾವು ಏಕೆ ಆಗದು?

ಹಕ್ಕಿಯ ಮೊಟ್ಟೆಗೂ ಹಾವಿನ ಮೊಟ್ಟೆಗೂ ಮೂಲಭೂತ ವ್ಯತ್ಯಾಸಗಳಿವೆ. ಕೋಳಿಮೊಟ್ಟೆಗೆ 37.5 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು, ದಿನಕ್ಕೆ ಹಲವು ಬಾರಿ ಅದನ್ನು ಮಗುಚಬೇಕು. ಹಾವಿನ ಮೊಟ್ಟೆಗೆ ಈ ಎರಡೂ ಮಾರಕವಾಗಬಲ್ಲವು. ನಮ್ಮ ಬಹುತೇಕ ಹಾವುಗಳ ಮೊಟ್ಟೆಗೆ 27ರಿಂದ 30 ಡಿಗ್ರಿ ಹಿತಕರ. 35 ಡಿಗ್ರಿಯ ಆಸುಪಾಸಿನ ಶಾಖ ದಿನಗಟ್ಟಲೆ ಮುಂದುವರಿದರೆ ಭ್ರೂಣ ಸಾಯುತ್ತದೆ ಅಥವಾ ಮರಿ ವಿಕಲಾಂಗವಾಗಿ ಹುಟ್ಟುತ್ತದೆ. ಬೀದರ್ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಹಾಗಿದ್ದೂ ಮೊಟ್ಟೆಗಳು ಉಳಿಯುವುದಕ್ಕೆ ತಾಯಿ ಹಾವು ಆಯ್ದ ಜಾಗವೇ ಕಾರಣ. ದಪ್ಪ ಗೋಡೆಯ ಒಳಗು, ಹುತ್ತದ ಆಳ, ಬಣವೆಯ ತಳಗಳಲ್ಲಿ ತಂಪೂ ತೇವವೂ ಸ್ಥಿರವಾಗಿರುತ್ತವೆ.

ಮಗುಚುವ ವಿಷಯವೂ ಅಷ್ಟೇ ಮುಖ್ಯ. ಮೊಟ್ಟೆ ಇಟ್ಟ ಕೆಲ ಸಮಯದಲ್ಲೇ ಸರೀಸೃಪದ ಭ್ರೂಣ ಕವಚದ ಒಳಪೊರೆಗೆ ಅಂಟಿ ನೆಲೆಯೂರುತ್ತದೆ. ಬಳಿಕ ಮೊಟ್ಟೆಯನ್ನು ತಲೆಕೆಳಗು ಮಾಡಿದರೆ ಭ್ರೂಣಕ್ಕೆ ಧಕ್ಕೆಯಾಗುವ ಸಂಭವವಿದೆ. ಇನ್ನೊಂದು ಅಂಶ ತೇವ. ಹಾವಿನ ಮೊಟ್ಟೆ ಸುತ್ತಲಿನ ಮಣ್ಣಿನಿಂದ ನೀರನ್ನು ಹೀರಿ ಉಬ್ಬುತ್ತದೆ. ಒಣಗಿದರೆ ಗುಳಿ ಬಿದ್ದು ಕೆಡುತ್ತದೆ.

ಮೊಸಳೆ ಹಾಗೂ ಹಲವು ಜಾತಿಯ ಆಮೆಗಳಲ್ಲಿ ಕಾವಿನ ಶಾಖವೇ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತದೆ. ಹಾವುಗಳಲ್ಲಿ ಹಾಗಿಲ್ಲ; ಅಲ್ಲಿ ವರ್ಣತಂತುಗಳೇ ನಿರ್ಣಾಯಕ.

ಆಗುಂಬೆಯ ಪಾಠ

ಹಾವಿನ ಮೊಟ್ಟೆಯನ್ನು ಹೇಗೆ ಕಾಯಬೇಕು ಎಂಬುದಕ್ಕೆ ರಾಜ್ಯದಲ್ಲೇ ಉತ್ತಮ ನಿದರ್ಶನವಿದೆ. ಅದು ಬಯಲುಸೀಮೆಯಲ್ಲಿ ಅಲ್ಲ, ಮಲೆನಾಡಿನ ಆಗುಂಬೆಯಲ್ಲಿ. ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅಲ್ಲಿನ ಕಾಳಿಂಗ ಸರ್ಪವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು ಅದಕ್ಕೆ ಕನ್ನಡದ ಹೆಸರನ್ನೇ ಉಳಿಸಿ ‘ಒಫಿಯೋಫೇಗಸ್ ಕಾಳಿಂಗ’ ಎಂದು ನಾಮಕರಣ ಮಾಡಿದರು.

ಒಣ ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆ ಇಡುವುದು ಕಾಳಿಂಗದ ವೈಶಿಷ್ಟ್ಯ. ಕೆಲವೊಮ್ಮೆ ಈ ಗೂಡು ತೋಟದ ಅಂಚಿನಲ್ಲಿ, ಮನೆಯ ಸಮೀಪದಲ್ಲೇ ಇರುತ್ತದೆ. ಅಂತಹ ಸಂದರ್ಭದಲ್ಲೂ ಮೊಟ್ಟೆಗಳನ್ನು ಕಿತ್ತೊಯ್ಯದೆ, ಸ್ಥಳೀಯರ ಮನವೊಲಿಸಿ, ಗೂಡನ್ನು ಅಲ್ಲಿಯೇ ಬಿಟ್ಟು ಗಮನಿಸುವ ಕ್ರಮವನ್ನು ಸಂಶೋಧಕರು ಅನುಸರಿಸುತ್ತ ಬಂದಿದ್ದಾರೆ. ಮರಿಗಳು ಹೊರಬರುವ ವೇಳೆಗೆ ಬಲೆ ಕಟ್ಟಿ, ಅವನ್ನು ಒಟ್ಟುಗೂಡಿಸಿ ಕಾಡಿಗೆ ಬಿಡಲಾಗುತ್ತದೆ. ಎಲೆಗೂಡು ಕೊಡುವಷ್ಟು ಸಮನಾದ ಶಾಖ, ತೇವಗಳನ್ನು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕಾಯ್ದುಕೊಳ್ಳುವುದು ಸುಲಭವಲ್ಲ. ಮೂಲ ಜಾಗವೇ ಅತ್ಯುತ್ತಮ ಕಾವುಪೆಟ್ಟಿಗೆ ಎಂಬುದು ಆಗುಂಬೆಯ ಪಾಠ.

ಮೊಟ್ಟೆಯೂ ‘ಪ್ರಾಣಿ’ಯೇ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆ ಮರಿಗಳನ್ನೂ, ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗಳನ್ನೂ ಒಳಗೊಂಡಿದೆ. ರಕ್ಷಿತ ಜಾತಿಯ ಮೊಟ್ಟೆಯನ್ನು ನಾಶ ಮಾಡುವುದು, ಒಯ್ಯುವುದು, ಗೂಡನ್ನು ಕದಡುವುದು ‘ಬೇಟೆ’ಯ ವ್ಯಾಖ್ಯೆಯಲ್ಲೇ ಸೇರಿದೆ. ಆದ್ದರಿಂದ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಸಾಕುವಂತೆಯೂ ಇಲ್ಲ, ಅವುಗಳ ಮೊಟ್ಟೆಯನ್ನು ಮನೆಯಲ್ಲಿಟ್ಟು ಮರಿ ಮಾಡಿಸುವಂತೆಯೂ ಇಲ್ಲ.

ವಿದೇಶಿ ಹಾವುಗಳ ವಿಷಯ ಬೇರೆ. ನಗರಗಳಲ್ಲಿ ಕೆಲವರು ಸಾಕುವ ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಬಳಿಕ, ಸೈಟಿಸ್ ಪಟ್ಟಿಯಲ್ಲಿರುವ ಜೀವಿಗಳೂ ಕಾಯ್ದೆಯ ವ್ಯಾಪ್ತಿಗೆ ಸೇರಿವೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ ಇಂತಹ ಜೀವಿಗಳನ್ನು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ಮೊಟ್ಟೆ ಕಾವಿಗಿಡುವ ಮುನ್ನವೇ ಸಾಕುವವರು ಈ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಲೇಸು.

ಕೃತಕ ಕಾವಿನ ವಿಧಾನ

ನೋಂದಾಯಿತ ವಿದೇಶಿ ಹಾವು ಸಾಕುವವರೂ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ ರಕ್ಷಿತ ಮೊಟ್ಟೆಗಳನ್ನು ಉಳಿಸುವವರೂ ಅನುಸರಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ವರ್ಮಿಕ್ಯುಲೈಟ್ ಅಥವಾ ತೆಂಗಿನ ನಾರಿನ ಪುಡಿ ಹರಡುತ್ತಾರೆ. ವರ್ಮಿಕ್ಯುಲೈಟ್ ಆದರೆ ಅದರ ತೂಕದಷ್ಟೇ ನೀರು ಬೆರೆಸುವುದು ವಾಡಿಕೆ. ಹಿಂಡಿದರೆ ನೀರು ಸುರಿಯಬಾರದು, ತೇವ ಮಾತ್ರ ಇರಬೇಕು. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಅದೇ ಭಂಗಿಯಲ್ಲಿ ಅರ್ಧ ಹೂಳುತ್ತಾರೆ. ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸುವುದಿಲ್ಲ.

ಬಾಲ್ ಪೈಥಾನ್ ಮೊಟ್ಟೆಗೆ 31ರಿಂದ 32 ಡಿಗ್ರಿ ಶಾಖ ಬೇಕು; 55ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ. ಶಾಖವನ್ನು ಅಂದಾಜಿನಿಂದಲ್ಲ, ಥರ್ಮಾಸ್ಟಾಟ್ ಮತ್ತು ಉಷ್ಣಮಾಪಕದಿಂದ ನಿಯಂತ್ರಿಸಬೇಕು. ಬೇರೆ ವ್ಯವಸ್ಥೆಯಿಲ್ಲದಿದ್ದರೆ ವಿದ್ಯುತ್ ಕಡಿತವಾದಾಗ ಕಾವು ಏರುಪೇರಾಗುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಮುಚ್ಚಳದಲ್ಲಿ ಸಂಗ್ರಹವಾದ ನೀರು ಮೊಟ್ಟೆಯ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಬೇಕು. ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದಾಗ ಒಳಗೆ ಕೆಂಪು ರಕ್ತನಾಳಗಳು ಕಂಡರೆ ಮೊಟ್ಟೆ ಜೀವಂತವಾಗಿದೆ ಎಂದರ್ಥ.

ಕೊನೆಯ ದಿನಗಳಲ್ಲಿ ಮೊಟ್ಟೆಯ ಮೇಲೆ ಗುಳಿ ಬೀಳುವುದು ಸಹಜ. ಮರಿ ಮೂತಿಯ ತುದಿಯಲ್ಲಿರುವ ಪುಟ್ಟ ‘ಮೊಟ್ಟೆಹಲ್ಲಿ’ನಿಂದ ಕವಚ ಸೀಳಿ ತಲೆ ಹೊರಹಾಕುತ್ತದೆ. ಅದೇ ಸ್ಥಿತಿಯಲ್ಲಿ ಒಂದೆರಡು ದಿನ ಕುಳಿತು ಉಳಿದ ಭಂಡಾರವನ್ನು ಹೀರಿಕೊಳ್ಳುತ್ತದೆ. ಅವಸರದಲ್ಲಿ ಎಳೆದು ತೆಗೆದರೆ ಮರಿ ಸಾಯಬಹುದು. ಹುಟ್ಟಿದ ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊದಲ ಪೊರೆ ಕಳಚುವವರೆಗೆ ಅದಕ್ಕೆ ಆಹಾರದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮೊಟ್ಟೆ ಕಂಡರೆ ಏನು ಮಾಡಬೇಕು?

ಮೊದಲು ಕೆಲಸ ನಿಲ್ಲಿಸಿ ಹಿಂದೆ ಸರಿಯಬೇಕು. ನಾಗರ, ಕಟ್ಟುಹಾವುಗಳ ಹೆಣ್ಣು ಮೊಟ್ಟೆಯ ಬಳಿ ಕಾವಲಿರುವುದರಿಂದ ತಾಯಿ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಮೊಟ್ಟೆ ತೆಗೆದವರನ್ನು ಹಾವು ಹಿಂಬಾಲಿಸಿ ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆದರೆ ಕೈ ಹಾಕಿದವರನ್ನು ಅದು ಕಚ್ಚಬಹುದು. ಮೊಟ್ಟೆಯ ಮೇಲೆ ಬಿಸಿಲು ಬೀಳುತ್ತಿದ್ದರೆ ಮುಟ್ಟದೆ, ದೂರದಿಂದ ನೆರಳು ಮಾಡಬಹುದು. ಬಳಿಕ ಸ್ಥಳೀಯ ವಲಯ ಅರಣ್ಯ ಕಚೇರಿಗೆ ಅಥವಾ ಇಲಾಖೆಯ 1926 ಸಹಾಯವಾಣಿಗೆ ತಿಳಿಸಬೇಕು. ಮೊಟ್ಟೆಯನ್ನು ಅಲ್ಲೇ ಬಿಡಬೇಕೋ, ಸ್ಥಳಾಂತರಿಸಬೇಕೋ ಎಂಬ ತೀರ್ಮಾನ ಅವರದು.

ಈಗಷ್ಟೇ ಒಡೆದ ನಾಗರಮರಿ ಗೇಣುದ್ದವಷ್ಟೇ ಇದ್ದರೂ ಅದರಲ್ಲಿ ವಿಷ ಇದ್ದೇ ಇರುತ್ತದೆ. ಕಚ್ಚಿದರೆ ದೊಡ್ಡ ಹಾವು ಕಚ್ಚಿದಂತೆಯೇ ಭಾವಿಸಿ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ತಲುಪಬೇಕು. ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ್ದು, ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡುವುದು ಕಡ್ಡಾಯವಾಗಿದೆ.

ಬೇಸಿಗೆಯಲ್ಲಿಟ್ಟ ಮೊಟ್ಟೆಗಳು ಒಡೆಯುವ ಕಾಲ ಬಹುಮಟ್ಟಿಗೆ ಶ್ರಾವಣದ ಆಸುಪಾಸಿನದು. ಪಂಚಮಿ ಹಬ್ಬಕ್ಕೆ ಊರೆಲ್ಲ ಹುತ್ತಕ್ಕೆ ಹಾಲೆರೆಯಲು ಹೊರಡುವ ದಿನಗಳಲ್ಲೇ ಹೊಲದ ಬದುವಿನಲ್ಲಿ ಮರಿಗಳು ಹೊರಬರುತ್ತಿರುತ್ತವೆ. ಹಾವು ಹಾಲು ಕುಡಿಯುವುದಿಲ್ಲ, ಇಲಿ ತಿನ್ನುತ್ತದೆ. ತೊಗರಿ, ಜೋಳದ ರಾಶಿಯನ್ನು ಇಲಿಗಳಿಂದ ಕಾಯುವ ಈ ಜೀವಿಯ ಮೊಟ್ಟೆಯನ್ನು ಅದರ ಪಾಡಿಗೆ ಬಿಡುವುದೇ ರೈತನಿಗೂ ಹಾವಿಗೂ ಕ್ಷೇಮ.