ಕೂಸಿಗೆ ಸೂಟಿ, ಅವ್ವಗ ಯಾವಾಗ?

ಸೂಟಿಗೆ ಹೋಗೋದು ಅಂದ್ರ ಗಂಡಸರಿಗೆ ಒಂದು ಚೀಲ, ಹೆಂಗಸರಿಗೆ ಒಂದು ಸಂಸಾರ. ಅದರಾಗ ಮಡಿಲಾಗ ಕೂಸಿದ್ರಂತೂ ಕೇಳೋದ ಬ್ಯಾಡ. ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕ್, ಲಂಗೋಟಿ, ಕುಂಚಿಗಿ, ದುಪಟಿ, ಗಿಲಕಿ. ಊರು ಯಾವುದರೆ ಇರ್ಲಿ, ಗೋಕರ್ಣ ಇರ್ಲಿ, ಬ್ಲ್ಯಾಕ್‌ಪೂಲ್ ಇರ್ಲಿ, ಗಂಟು ಅಷ್ಟ, ಗಂಟು ಕಟ್ಟಾಕಿನೂ ಆಕೀನ.

ಹೋದ ಆಗಸ್ಟ್ ತಿಂಗಳಾಗ ಮಗಳು-ಅಳಿಯನ ಜೋಡಿ ನಾನೂ ಮ್ಯಾಂಚೆಸ್ಟರಿಂದ ಬ್ಲ್ಯಾಕ್‌ಪೂಲಿಗೆ ಹೋಗಿದ್ದೆ. ಮೊಮ್ಮಗಳಿಗೆ ಎಂಟು ತಿಂಗಳು. ಅದು ಆಕಿ ಮೊದಲನೇ ಸೂಟಿ. ಫೋಟೋ ನೋಡಿ ನೀವೆಲ್ಲಾ "ಭಾಳ ಛಂದ ಆತಲ್ಲ" ಅಂದ್ರಿ. ಛಂದ ಆತು, ಖರೇನ. ಆದ್ರ ನನ್ನ ತಲ್ಯಾಗ ಒಂದು ಪ್ರಶ್ನೆ ಕೂತುಬಿಡ್ತು. ಈ ದೇಶದವರು ಮಕ್ಕಳನ್ನ ಕಟ್ಟಿಕೊಂಡು ಸಮುದ್ರದ ದಂಡಿಗೆ ಹೋಗ್ಲಿಕ್ಕೆ ಸುರು ಮಾಡಿ 250 ವರ್ಷದ ಮ್ಯಾಲಾತು. ಅಷ್ಟು ವರ್ಷದಾಗ ಅವ್ವಗ ಸೂಟಿ ಸಿಕ್ಕದ್ದು ಯಾವಾಗ? ರೈಲು ಯಾವಾಗ ಬಂತು, ಟಾವರ್ ಎಷ್ಟು ಎತ್ತರ ಅಂತ ಎಲ್ಲಾರೂ ಬರದಾರ. ನಾ ಅದ ಇತಿಹಾಸಾನ ಅಡಿಗಿಮನಿ ಬಾಗಲದಾಗ ನಿಂತು ಹೇಳ್ತೀನಿ, ಕೇಳ್ರಿ.

ಮೊದಲಿಗೆ ಅದು ಸೂಟಿ ಅಲ್ಲ, ಔಷಧ. 1750ರಾಗ ರಿಚರ್ಡ್ ರಸೆಲ್ ಅನ್ನೋ ಡಾಕ್ಟರು ಲ್ಯಾಟಿನ್ ಭಾಷಾದಾಗ ಒಂದು ಪುಸ್ತಕ ಬರದ್ರು. ಗ್ರಂಥಿಗಳ ಬ್ಯಾನಿಗೆ ಸಮುದ್ರದ ನೀರೇ ಮದ್ದು ಅಂತ. ಬರೇ ಝಳಕ ಅಲ್ಲ, ಆ ಉಪ್ಪುನೀರು ಕುಡೀರಿ ಅಂತನೂ ಹೇಳ್ತಿದ್ರು! ಮೀನುಗಾರರ ಊರಾಗಿದ್ದ ಬ್ರೈಟನ್ ಇದರಿಂದ ದೊಡ್ಡವರ ಊರಾತು. ಗಾಲಿ ಮ್ಯಾಲೆ ಸಣ್ಣ ಕಟ್ಟಿಗಿ ಕೋಲಿ ಮಾಡಿ, ಅದಕ್ಕ ಕುದರಿ ಕಟ್ಟಿ, ಒಳಗ ಕೂತವರನ್ನ ನೀರಿನ ತನಕ ಎಳಕೊಂಡು ಹೋಗ್ತಿದ್ರು. ಅಲ್ಲೆ ಗಟ್ಟಿಮುಟ್ಟಾದ ಹೆಂಗಸರು ನೀರಾಗ ನಿಂತಿರ್ತಿದ್ರು. ಅವರಿಗೆ 'ಡಿಪ್ಪರ್' ಅಂತ ಹೆಸರು, ಅಂದ್ರ ಮುಳುಗಿಸಾಕಿ. ಹೆಂಗಸರನ್ನ, ಮಕ್ಕಳನ್ನ ಹಿಡದು ತಣ್ಣೀರಾಗ ಮುಳುಗಿಸಿ ಎತ್ತೋದ ಅವರ ಉದ್ಯೋಗ.

ಬ್ರೈಟನ್ನಿನ ಮಾರ್ಥಾ ಗನ್ ಇಂಥಾಕಿ. 1726ರಾಗ ಹುಟ್ಟಿ 1815ರ ತನಕ ಬಾಳಿದಾಕಿ. ಆಕಿ ಒಂದು ಕೂಸಿನ ಎತ್ತಿಕೊಂಡು ನಿಂತ ಹಳೇ ಚಿತ್ರ ಅದ. ಆ ಕೂಸು ಮುಂದ ನಾಲ್ಕನೇ ಜಾರ್ಜ್ ಆದ ರಾಜಕುಮಾರನ ಅಂತ ಜನ ಹೇಳಿಕೊಂಡು ಬಂದ್ರು. ಆದ್ರ ಆ ರಾಜಕುಮಾರ ಬ್ರೈಟನ್ನಿಗೆ ಮೊದಲನೇ ಸಲ ಬಂದದ್ದು 1783ರಾಗ, ಆವಾಗ ಅವಗ 21 ವರ್ಷ! ಅಂದ್ರ ಆ ಕೂಸು ಯಾರದೋ ಮನಿ ಕೂಸು. ದೊಡ್ಡವರ ಹೆಸರು ಇಲ್ಲದಿದ್ರ ಕೂಸಿನ ಚಿತ್ರಕ್ಕೂ ಕಿಮ್ಮತ್ತು ಇಲ್ಲ ನೋಡ್ರಿ.

ಇಲ್ಲೆ ನಮ್ಮ ಕಡೆಯವರ ಒಂದು ಮಾತು ಹೇಳಬೇಕು. ಪಾಟ್ನಾದಾಗ 1759ರಾಗ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಅನ್ನೋವರು ಬ್ರೈಟನ್ನಿಗೆ ಬಂದು, ಬಿಸಿ ಉಗಿಯೊಳಗ ಮೈ ತಿಕ್ಕಿ ಮಾಲೀಸು ಮಾಡೋ ಝಳಕದ ಮನಿ ತಗದ್ರು. ನಮ್ಮ 'ಚಂಪಿ'ನ ಅವರ ಬಾಯಾಗ 'ಶಾಂಪೂ' ಆತು. ಇಬ್ಬರು ರಾಜರಿಗೆ ಇವರು 'ಶಾಂಪೂ ಸರ್ಜನ್' ಆಗಿದ್ರು. ನಾವು ಬಾಣಂತಿಕೋಲ್ಯಾಗ ದಿನಾ ಮುಂಜಾನೆ ಕೂಸಿಗೆ ಎಣ್ಣಿ ಹಚ್ಚಿ ತಿಕ್ಕಿ ಎರಿತೀವಿ. ನಮಗ ಯಾವ ರಾಜನೂ ಪದವಿ ಕೊಡಲಿಲ್ಲ, ಬಿಡ್ರಿ.

ಇದೆಲ್ಲಾ ಶ್ರೀಮಂತರ ಕಥಿ. ಅವರ ಮಕ್ಕಳಿಗೆ ದಾಯಿ ಇರ್ತಿದ್ಲು. ದುಡಿದು ತಿನ್ನೋರ ಕೂಸು ಸಮುದ್ರ ನೋಡಿದ್ದು ರೈಲು ಬಂದ ಮ್ಯಾಲೆ. ಬ್ಲ್ಯಾಕ್‌ಪೂಲಿಗೆ ರೈಲು ಬಂದದ್ದು 1846ರಾಗ. ಲ್ಯಾಂಕಶೈರಿನ ಬೋಲ್ಟನ್, ಓಲ್ಡಮ್, ಬರ್ನ್ಲಿ ಇವೆಲ್ಲಾ ಹತ್ತಿ ಗಿರಣಿ ಊರುಗಳು. ಅಲ್ಲೆ 'ವೇಕ್ಸ್' ಅಂತ ಒಂದು ಪದ್ಧತಿ ಇತ್ತು. ಮೂಲದಾಗ ಅದು ಊರ ಚರ್ಚಿನ ಸಂತನ ಹೆಸರಿನ ಜಾಗರಣಿ, ಅಂದ್ರ ನಮ್ಮ ಊರ ಜಾತ್ರಿ ಇದ್ದಂಗ. ಗಿರಣಿ ಬಂದ ಮ್ಯಾಲೂ ಜನ ಜಾತ್ರಿ ಬಿಡಲಿಲ್ಲ. ಆ ವಾರ ಗಿರಣಿ ಬಂದ್, ಬಾಯ್ಲರ್ ತೊಳಿಯೋದು, ಮಶೀನು ರಿಪೇರಿ. ಒಂದೊಂದು ಊರಿಗೆ ಒಂದೊಂದು ವಾರ. ಇಡೀ ಊರಿಗೆ ಊರ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ. ಓಣ್ಯಾಗ ಬಾಜೂಮನಿ ಇದ್ದವರು ಅಲ್ಲೂ ಬಾಜೂ ಕೋಲ್ಯಾಗ!

ಆದ್ರ ಆ ವಾರದ ಪಗಾರ ಇಲ್ಲ. ಅದಕ್ಕ ವರ್ಷವಿಡೀ ವಾರಕ್ಕಿಷ್ಟು ಅಂತ ಪುಡಿರೊಕ್ಕ ಕೂಡಿಸಿ ಇಡ್ತಿದ್ರು, ನಾವು ಭಿಶಿ ಹಾಕ್ತೀವಲ್ಲ ಹಂಗ.

ಈ ಗಿರಣಿ ಊರಾಗ ನಮ್ಮ ಧಾರವಾಡದ ಎಳಿನೂ ಅದ. ಕಂಪನಿ ಸರಕಾರ 1840ರ ದಶಕದಾಗ ನಮ್ಮ ಎರಿ ಹೊಲದಾಗ ಅಮೆರಿಕಾದ ಹತ್ತಿಬೀಜ ಹಾಕಿಸ್ತು. ಅದಕ್ಕ 'ಧಾರವಾಡ-ಅಮೆರಿಕನ್' ಅಂತ ಹೆಸರಾತು. 1861ರಿಂದ 1865ರ ತನಕ ಅಮೆರಿಕಾದಾಗ ಯುದ್ಧ ಆಗಿ ಹತ್ತಿ ಬರೋದು ನಿಂತಾಗ ಲ್ಯಾಂಕಶೈರಿನ ಮಗ್ಗ ನಿಂತು ಜನ ಉಪವಾಸ ಬಿದ್ರು. ಆವಾಗ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ನಮ್ಮ ಹತ್ತಿ ಮ್ಯಾಲೆ, ಕಾರವಾರದ ಬಂದರದ ಮ್ಯಾಲೆ ಬಿತ್ತು. ನಮ್ಮ ಕಡೆ ಹೆಣ್ಣುಮಗಳು ಬದುವಿನ ಗಿಡಕ್ಕ ಹಳೇ ಸೀರಿ ಜೋಳಿಗಿ ಕಟ್ಟಿ, ಕೂಸಿನ ತೂಗಿ ಹತ್ತಿ ಬಿಡಿಸಬೇಕು. ಅಲ್ಲೆ ನೇಕಾರ್ತಿ ತನ್ನ ಕೂಸಿನ ಅಜ್ಜಿ ಕಡೆನೋ, ರೊಕ್ಕ ಕೊಟ್ಟು ಬಾಜೂಮನಿಯಾಕಿ ಕಡೆನೋ ಬಿಟ್ಟು ಮಗ್ಗದ ಮುಂದ ನಿಲ್ಲಬೇಕು. ಒಂದ ನೂಲಿನ ಎರಡು ತುದಿ. ಆ ನೇಕಾರ್ತಿಗೆ ವೇಕ್ಸ್ ವಾರ ಅಂದ್ರ ಕೂಸಿನ ಜೋಡಿ ಹಗಲಿಡೀ ಇರೋ ವರ್ಷದ ಒಂದ ವಾರ.

ಹಂಗಾರ ಆಕಿಗೆ ಆರಾಮ ಸಿಕ್ತೇನು? ಅರ್ಧ ಸಿಕ್ತು. ಬ್ಲ್ಯಾಕ್‌ಪೂಲಿನಾಗ ಉಳಕೊಳ್ಳೋದು ಬಾಡಿಗಿ ಕೋಲ್ಯಾಗ, ಒಂದು ಹಾಸಿಗಿ ಮ್ಯಾಲೆ ಮೂರು-ನಾಕು ಮಂದಿ. ಹಳೇ ಪದ್ಧತಿ ಹೆಂಗಿತ್ತಂದ್ರ, ಮಾಂಸ, ಬ್ರೆಡ್ಡು, ಚಹಾಪುಡಿ ನೀವು ತಂದು ಕೊಡಬೇಕು, ಮನಿಯೊಡತಿ ಎಲ್ಲಾರದೂ ಬ್ಯಾರೆ ಬ್ಯಾರೆ ಬೇಯಿಸಿ ಕೊಡಬೇಕು. ಒಲಿ ಮುಂದ ನಿಲ್ಲೋದು ತಪ್ಪಿತು, ಸಂತಿ ಮಾಡೋದು ತಪ್ಪಲಿಲ್ಲ. ಮೇಜಿನ ಮ್ಯಾಲಿನ ಉಪ್ಪು-ಮೆಣಸಿನಪುಡಿ ಡಬ್ಬಿಗೂ ಬ್ಯಾರೆ ರೊಕ್ಕ ಹಚ್ತಿದ್ರು ಅನ್ನೋದು ಅಲ್ಲಿ ಇವತ್ತಿಗೂ ನಗಿಮಾತು. ನಾಷ್ಟಾ ಆದ ಮ್ಯಾಲೆ ಹೊರಗ ನಡೀರಿ ಅಂತಿದ್ರು, ಮಳಿ ಬಂದ್ರೂ ಊಟದ ಹೊತ್ತಿನ ತನಕ ಒಳಗ ಬರೋಹಂಗಿಲ್ಲ. ಹಸಿ ಗಾಳ್ಯಾಗ ಕೂಸಿನ ಕಟ್ಟಿಕೊಂಡು ದಂಡಿಮ್ಯಾಲಿನ ಮಾಡದ ಕೆಳಗ ಕೂಡೋದನ್ನ ಸೂಟಿ ಅನ್ನಬೇಕೋ, ತಪಸ್ಸು ಅನ್ನಬೇಕೋ!

ಆ ಮನಿಯೊಡತಿಯರನ್ನ ಬೈಯಲಿಕ್ಕೂ ಮನಸ್ಸು ಬರೂದಿಲ್ಲ. ಸೀಸನ್ನಿನಾಗ ಇದ್ದ ಕೋಲಿ ಎಲ್ಲಾ ಬಾಡಿಗಿ ಕೊಟ್ಟು, ತಾವು ಮಕ್ಕಳನ್ನ ತಗೊಂಡು ಅಡಿಗಿಮನ್ಯಾಗ, ಅಟ್ಟದ ಮ್ಯಾಲೆ ಮಲಗ್ತಿದ್ರು. ನಾಕು ತಿಂಗಳು ದುಡದು ವರ್ಷ ನಡಸೋರು. ಒಬ್ಬಾಕಿ ಕೈ ಬಿಡುವಾಗಬೇಕಾದ್ರ ಇನ್ನೊಬ್ಬಾಕಿ ಕೈ ನಡೀಬೇಕಾತು.

1936ರಾಗ ಸ್ಕೆಗ್ನೆಸ್ ಅನ್ನೋ ಊರಾಗ ಬಿಲ್ಲಿ ಬಟ್ಲಿನ್ ತಮ್ಮ ಮೊದಲನೇ ಸೂಟಿ ಕ್ಯಾಂಪ್ ತಗದ್ರು. ಮಳ್ಯಾಗ ಹೊರಗ ನಿಂತ ಸಂಸಾರಗಳನ್ನ ನೋಡಿನ ಇದು ಹೊಳೀತು ಅಂತ ಮುಂದ ಹೇಳಿಕೊಂಡಾರ. ಸಣ್ಣ ಸಣ್ಣ ಮನಿ, ದಿನಕ್ಕ ಮೂರು ಹೊತ್ತಿನ ಊಟ, ಎಲ್ಲಾ ಒಂದ ರೇಟು. 1938ರಾಗ ಪಗಾರ ಸಹಿತ ಸೂಟಿ ಕೊಡೋ ದಾರಿ ಮಾಡೋ ಕಾಯದೇನೂ ಬಂತು. ಮರುವರ್ಷನ ಯುದ್ಧ ಹತ್ತಿ, ಜನ ಅದರ ಸುಖ ಉಂಡದ್ದು 1945 ದಾಟಿದ ಮ್ಯಾಲೆ. ಈ ಕ್ಯಾಂಪಿನಾಗ ನನಗ ಭಾಳ ಸೇರಿದ್ದು ಒಂದು ಸಂಗತಿ. ರಾತ್ರಿ ತಂದಿ-ತಾಯಿ ನಾಚು-ಹಾಡು ನೋಡ್ಲಿಕ್ಕೆ ಹೋದಾಗ ನರ್ಸುಗಳು ಮನಿ ಮನಿ ಮುಂದ ಗಸ್ತು ತಿರಗ್ತಿದ್ರು. ಒಳಗ ಕೂಸು ಅತ್ತಿತಂದ್ರ, ಇಂಥಾ ನಂಬರ್ ಮನ್ಯಾಗ ಕೂಸು ಅಳ್ಳಿಕತ್ತದ ಅಂತ ಸಭಾಗೃಹದಾಗ ತಿಳಸ್ತಿದ್ರು. ಕಿವಿ ಒಂದು ಕಡೆ, ಜೀವ ಒಂದು ಕಡೆ ಇಟ್ಟುಕೊಂಡು ಕೂಡೋ ಅವ್ವಗ ಎರಡು ತಾಸು ಕಿವಿ ಬಿಡುವಾತು.

ಇನ್ನ ಎರಡು ಸಣ್ಣ ವಸ್ತುಗಳ ಕಥಿ. ಇವು ಟಾವರಿಗಿಂತ ದೊಡ್ಡವು ಅಂತೀನಿ ನಾ. ವ್ಯಾಲರಿ ಹಂಟರ್ ಗಾರ್ಡನ್ ಅನ್ನೋ ತಾಯಿ 1947ರಾಗ ಮೂರನೇ ಕೂಸಾದಾಗ ಲಂಗೋಟಿ ತೊಳದು ತೊಳದು ಬ್ಯಾಸತ್ತು, ಪ್ಯಾರಾಶೂಟಿನ ನೈಲಾನ್ ಅರಿವಿ ಕತ್ತರಿಸಿ ಮ್ಯಾಲಿನ ಚಡ್ಡಿ ಹೊಲದ್ರು. ಒಳಗ ಒಗದುಬಿಡೋ ಹತ್ತಿ ಪಟ್ಟಿ. ಗೆಳತ್ಯಾರೆಲ್ಲಾ ನಮಗೂ ಬೇಕು ಅಂದ್ರು. ಹೊಲಿಗಿ ಮಶೀನಿನ ಮ್ಯಾಲೆ 400ರ ಮ್ಯಾಲೆ ಹೊಲದ್ರಂತ. ಮುಂದ ಅದು 'ಪ್ಯಾಡಿ' ಅಂತ ಅಂಗಡಿಗೆ ಬಂತು. ಪರಊರಾಗ ಹಸಿ ಲಂಗೋಟಿ ಒಣಗಿಸಲಿಕ್ಕೆ ಜಾಗಾ ಹುಡುಕಿದ ಎಲ್ಲಾರಿಗೂ ಇದರ ಬೆಲೆ ಗೊತ್ತದ.

ಎರಡನೇದು ಮಡಚೋ ಗಾಡಿ. ಓವೆನ್ ಮ್ಯಾಕ್ಲಾರೆನ್ ಅನ್ನೋ ಇಂಜಿನಿಯರು ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿ ಮಡಚಿಕೊಳ್ಳೋ ಕೆಲಸಾ ಮಾಡಿದವರು. ಮಗಳು ಮೊದಲನೇ ಮೊಮ್ಮಗಳನ್ನ ಕರಕೊಂಡು ಮಾಸ್ಕೋದಿಂದ ವಿಮಾನದಾಗ ಬಂದಾಗ, ಆ ಭಾರದ ಗಾಡಿ ಜೋಡಿ ಆಕಿ ಒದ್ದಾಡೋದು ನೋಡಿದ್ರು. 1965ರಾಗ ಅಲ್ಯುಮಿನಿಯಂ ಕೊಳವಿದು, ಕೊಡಿ ಹಂಗ ಮಡಚೋ ಗಾಡಿ ಮಾಡಿದ್ರು. ತೂಕ ಮೂರು ಕಿಲೋನೂ ಇಲ್ಲ. ಹಳೇ ಪ್ರಾಮು ಅಂದ್ರ ಸಣ್ಣ ರಥ, ಬಸ್ಸು ರೈಲಿಗೆ ಹತ್ತಿಸಬೇಕಾದ್ರ ಇಬ್ಬರು ಬೇಕು. ಈಗ ಒಂದು ಬಗಲಾಗ ಕೂಸು, ಇನ್ನೊಂದು ಕೈಯಾಗ ಗಾಡಿ. ಅಜ್ಜ ಮೊಮ್ಮಗಳ ಗಲ್ಲ ಹಿಂಡಿ ಸುಮ್ಮನ ಕೂಡಬಹುದಿತ್ತು, ಆದ್ರ ಮಗಳ ರಟ್ಟಿ ನೋವು ನೋಡಿದ್ರು.

ಇಷ್ಟೆಲ್ಲಾ ಆಗಿ, ಮುಂದ ಏನಾತು? ಜನ ಮನಿಯೊಡತಿ ನಿಯಮ ಸಾಕು ಅಂತ ಅಡಿಗಿಮನಿ ಇದ್ದ ಫ್ಲ್ಯಾಟು, ಕ್ಯಾರವಾನ್ ಹಿಡೀಲಿಕ್ಕೆ ಸುರು ಮಾಡಿದ್ರು. ಸ್ವತಂತ್ರ ಬಂತು. ಅದರ ಜೋಡಿ ಒಲಿನೂ ವಾಪಸ್ ಬಂತು.

ನಾವು ಉಳಕೊಂಡದ್ದೂ ಅಂಥಾದ್ದ ಫ್ಲ್ಯಾಟಿನಾಗ. ಕಿಟಕಿ ಹೊರಗ ಸಮುದ್ರ, ಕಿಟಕಿ ಒಳಗ ಸಿಂಕು. ಮೊದಲನೇ ದಿನ ಮಧ್ಯಾಹ್ನ ನನ್ನ ಮಗಳು ಸಮುದ್ರಕ್ಕ ಬೆನ್ನು ಮಾಡಿ ಹಾಲಿನ ಬಾಟಲಿ ಕುದಿಸ್ಲಿಕತ್ತಿದ್ಲು. ಎಂಟು ತಿಂಗಳಿಂದ ಒಂದು ರಾತ್ರಿ ಪೂರಾ ನಿದ್ದಿ ಇಲ್ಲ, ಬರೋ ತಿಂಗಳು ನೌಕರಿಗೆ ವಾಪಸ್ ಹೋಗೋದು. "ನೀ ಆರಾಮ ತಗೊಳ್ಳ" ಅಂತ ಅಳಿಯ ಹೇಳ್ತಿದ್ದ, ಪ್ರೀತಿಯಿಂದನ. "ಯಾವ ಕೆಲಸಾ ಬಿಟ್ಟು ತಗೊಳ್ಳಿ, ಹೇಳು" ಅಂದ್ಲು ಆಕಿ. ಅವಗ ಉತ್ತರ ಇರ್ಲಿಲ್ಲ. ಆಮ್ಯಾಲೆ ಮೂವರೂ ಕೂತು ಹಂಚಿಕೊಂಡ್ವಿ. ರಾತ್ರಿ ಎರಡರ ಬಾಟಲಿ ಅಳಿಯಂದು, ಮುಂಜಾನೆ ಎಣ್ಣಿ-ನೀರು ನಂದು, ಸಂಜಿ ಊಟ ಹೊರಗಿಂದು. ಎರಡನೇ ದಿನ ಆಕಿ ಮಧ್ಯಾಹ್ನ ಮೂರು ತಾಸು ಮಲಗಿದ್ಲು. ಎದ್ದು ಬಂದು ಮಗಳ ಕಾಲು ಉಸುಕಿನ್ಯಾಗ ಇಟ್ಟಾಗ ಇಬ್ಬರೂ ನಕ್ಕರು. ನೀವು ನೋಡಿದ ಫೋಟೋ ಅದ.

ಈ ಇತಿಹಾಸದಾಗ ನನಗ ಕಂಡದ್ದು ಇಷ್ಟ. ಅವ್ವಗ ಆರಾಮ ಸಮುದ್ರದಿಂದ ಬರಲಿಲ್ಲ, ರೈಲಿನಿಂದ ಬರಲಿಲ್ಲ. ಬೇಯಿಸೋದು, ತೊಳಿಯೋದು, ಹೊರೋದು, ರಾತ್ರಿ ಏಳೋದು, ಇದರಾಗ ಯಾವುದೋ ಒಂದು ಕೆಲಸಾನ ಇನ್ನೊಬ್ಬರು ಹೆಸರು ಹಿಡದು ತಮ್ಮ ಕೈಗೆ ತಗೊಂಡಾಗ ಬಂತು. ಅದಕ್ಕ ವೈನಿ, ಕಾಕು, ಅಕ್ಕಂದಿರಾ, ಮುಂದ ನಿಮ್ಮ ಮನಿ ಬಾಣಂತಿನ, ಕೂಸಿನ ಕರಕೊಂಡು ಎಲ್ಲರೆ ಹೊಂಟ್ರ, ತಿಕೀಟು ತಗಿಸೋಕ್ಕಿಂತ ಮೊದಲ ಕೆಲಸಾ ಹಂಚಿಕೊಳ್ರಿ.

ಬ್ಲ್ಯಾಕ್‌ಪೂಲಿನ ಉಸುಕಿನ್ಯಾಗ ಮಕ್ಕಳನ್ನ ಕೂಡಿಸಿಕೊಂಡು ತಿರಗೋ ಕತ್ತೆಗಳಿಗೆ ಊರ ಸಭಾದವರು ಬರದಿಟ್ಟ ನಿಯಮ ಅದ. ಮಧ್ಯಾಹ್ನ ಒಂದು ತಾಸು ಊಟದ ಬಿಡುವು, ಶುಕ್ರವಾರ ಪೂರಾ ಸೂಟಿ. ಕತ್ತೆಗೆ ಶುಕ್ರವಾರ ಅಂತ ಬರದಾರ. ನಿಮ್ಮ ಮನಿ ಬಾಣಂತಿಗೆ ಯಾವ ವಾರ ಅಂತ ಕ್ಯಾಲೆಂಡರಿನ ಮ್ಯಾಲೆ ಬರೀರಿ.