ತಲೆಗೆ ಬಿದ್ದ ಪೆಟ್ಟು, ಮರೆತುಹೋದ ಹನ್ನೊಂದು ವರ್ಷ

ಭಾಗ 1
ಸಿನಿಮಾದಲ್ಲಿ ನೋಡಿರ್ತೀರಿ. ಹೀರೋ ತಲೆಗೆ ಪೆಟ್ಟು ಬಿದ್ದು ಎಲ್ಲಾ ಮರೀತಾನೆ. ಕ್ಲೈಮ್ಯಾಕ್ಸ್‌ನಲ್ಲಿ ಇನ್ನೊಂದು ಪೆಟ್ಟು, ನೆನಪು ವಾಪಸ್! ನಿಜವಾದ ಕಥೆ ಬೇರೆ ಇದೆ, ಕೇಳಿ.

1933ರ ಆಗಸ್ಟ್. ಬ್ರಿಟನ್ನಿನಲ್ಲಿ ಗಾಲ್ಫ್ ಮೈದಾನ ನೋಡಿಕೊಳ್ಳುತ್ತಿದ್ದ 22 ವರ್ಷದ ಹುಡುಗ ಬೈಕಿನಿಂದ ಬಿದ್ದ. ಬುರುಡೆ ಒಡೆದಿರಲಿಲ್ಲ. ವಾರದ ನಂತರ ಚೆನ್ನಾಗೇ ಮಾತಾಡ್ತಿದ್ದ. ಆದರೆ ತಾರೀಕು ಕೇಳಿದರೆ ಇದು 1922ರ ಫೆಬ್ರವರಿ, ತಾನಿನ್ನೂ ಸ್ಕೂಲ್ ಹುಡುಗ ಅಂದ!

ಭಾಗ 2
ಎರಡು ವಾರಕ್ಕೆ, ಆಸ್ಟ್ರೇಲಿಯಾದಲ್ಲಿ ಕಳೆದ ಐದು ವರ್ಷ ನೆನಪಾಯ್ತು. ಕೊನೆಯ ಎರಡು ವರ್ಷ ಮಾತ್ರ ಖಾಲಿ. ಕೆಲಸ ಮಾಡುತ್ತಿದ್ದ ಊರಿಗೇ ಹೋದ, ದಾರಿ ತಪ್ಪಿದ. ಸುಮಾರು ಹತ್ತು ವಾರದ ಹೊತ್ತಿಗೆ ಅವೂ ನಿಧಾನಕ್ಕೆ ಮರಳಿದವು. ಅಪಘಾತಕ್ಕೆ ಮುಂಚಿನ ಕೆಲವು ನಿಮಿಷ ಮಾತ್ರ ಬರಲೇ ಇಲ್ಲ.

ಇದನ್ನು 1935ರಲ್ಲಿ ಬರೆದಿಟ್ಟವರು ರಿಚೀ ರಸೆಲ್ ಎಂಬ ವೈದ್ಯರು. ಹಳೆಯ ನೆನಪು ಗಟ್ಟಿ, ಹೊಸದು ಮೊದಲು ಹೋಗುತ್ತೆ ಅಂತ ಫ್ರಾನ್ಸಿನ ರಿಬೋ 1881ರಲ್ಲೇ ಹೇಳಿದ್ದರು. ಯಾಕೆ ಹೀಗೆ? ಹೊಸ ನೆನಪು ಮಿದುಳಿನಲ್ಲಿ ನೆಲೆಯೂರೋಕೆ ಸಮಯ ಬೇಕು. ಪೆಟ್ಟು ಬಿದ್ದಾಗ ಹಸಿ ಗೋಡೆಯ ಗಾರೆ ಉದುರೋ ಹಾಗೆ ಅದು ಉದುರುತ್ತೆ.

ಭಾಗ 3
1946ರಲ್ಲಿ ರಸೆಲ್ ಮತ್ತು ನೇಥನ್ 1,029 ಜನರ ದಾಖಲೆ ನೋಡಿದರು. 707 ಜನ ಮರೆತದ್ದು ಪೆಟ್ಟಿಗೆ ಮುಂಚಿನ ಅರ್ಧ ಗಂಟೆಗಿಂತ ಕಡಿಮೆ ಅವಧಿಯನ್ನು. ಅಂದ್ರೆ ಸಿನಿಮಾದಂತೆ ಹೆಸರು, ಅಪ್ಪ-ಅಮ್ಮ ಎಲ್ಲಾ ಅಳಿಸಿಹೋಗೋದು ತೀರಾ ಅಪರೂಪ. ಇನ್ನೊಂದು ಪೆಟ್ಟಿನಿಂದ ನೆನಪು ಬರಲ್ಲ, ಗಾಯ ಹೆಚ್ಚಾಗುತ್ತೆ ಅಷ್ಟೇ.

ಭಾಗ 4
ಇದೆಲ್ಲ ನಮಗ್ಯಾಕೆ ಅಂತೀರಾ? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಬೈಕಲ್ಲಿ ಬರೋರು ನಮ್ಮಲ್ಲೇ ಎಷ್ಟು ಜನ ಇದ್ದೀವಿ! ನಾಳೆ ಬಿದ್ದ ಗೆಳೆಯನನ್ನು ಪೊಲೀಸರೋ, ಮನೆಯವರೋ “ಹೇಗೆ ಬಿದ್ದೆ? ಯಾರದು ತಪ್ಪು?” ಅಂತ ಕೇಳ್ತಾರೆ. ಅವನು “ಗೊತ್ತಿಲ್ಲ” ಅಂದರೆ ಸುಳ್ಳು ಅಂತ ಬೈಯಬೇಡಿ. ಆ ನಿಮಿಷಗಳು ಅವನ ತಲೆಯಲ್ಲಿ ನಿಜಕ್ಕೂ ಉಳಿದಿಲ್ಲದೆ ಇರಬಹುದು. ನೀವೇ ಕಥೆ ಕಟ್ಟಿ ಅವನ ಬಾಯಿಗೆ ತುರುಕಲೂ ಬೇಡಿ. ಆಮೇಲೆ ಯಾವುದು ಅವನ ನೆನಪು, ಯಾವುದು ನಿಮ್ಮ ಮಾತು ಅಂತ ಅವನಿಗೇ ತಿಳಿಯಲ್ಲ.

ಎಚ್ಚರ ತಪ್ಪಿದ್ದರೆ, ವಾಂತಿಯಾದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಿದ್ದರೆ “ಏನಾಗಿಲ್ಲ ಬಿಡು” ಅಂತ ಮನೆಗೆ ಕರೆದೊಯ್ಯಬೇಡಿ. ಮೊದಲು ಆಸ್ಪತ್ರೆ.

ಭಾಗ 5
ಅದೇ 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಹೆಲ್ಮೆಟ್ ಜೀವ ಉಳಿಸುತ್ತೆ ಅಂತ ದಾಖಲೆ ಸಮೇತ ತೋರಿಸಿದರು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ.

ಪೊಲೀಸರಿಗೆ ಹೆದರಿ ಹಾಕ್ಕೊಂಡರೂ ಸರಿ, ಬಕಲ್ ಬಿಗಿದು ಹಾಕ್ಕೊಳ್ಳಿ. ಹಿಂದೆ ಕೂರೋ ಗೆಳೆಯನಿಗೂ ಒಂದು ಕೊಡಿ.

#ಹಾಸನ #ಇತಿಹಾಸ #ನೆನಪು